ಬದು ಬೇರೆ, ಬಾಂದು ಬೇರೆ



ಒಂದು ಲೆಕ್ಕದಿಂದ ಮಾತು ಶುರು ಮಾಡುತ್ತೇನೆ. ಚಳ್ಳಕೆರೆ ಕಡೆಯ ಒಂದು ಖುಷ್ಕಿ ಹೊಲ ಅಂದುಕೊಳ್ಳಿ. 4 ಎಕರೆ, ಹೆಚ್ಚುಕಡಿಮೆ ಚೌಕ. ಒಂದು ಬದಿಯ ಉದ್ದ 400 ಅಡಿ ಚಿಲ್ಲರೆ ಬರುತ್ತದೆ. ಪಕ್ಕದ ಹೊಲದವರು ಆ ಬದಿಯಲ್ಲಿ ಬದುವನ್ನು ಒಂದು ಅಡಿ ಒತ್ತಿದರು. ನಿಮ್ಮ ಕೈಬಿಟ್ಟದ್ದು ಎಷ್ಟು? ಸುಮಾರು 400 ಚದರ ಅಡಿ. ಒಂದು ಗುಂಟೆಗೆ 1,089 ಚದರ ಅಡಿ. ಅಂದರೆ ಗುಂಟೆಯ ಮೂರನೇ ಒಂದು ಪಾಲಿಗಿಂತ ತುಸು ಜಾಸ್ತಿ. ಎಕರೆಗೆ 4 ಕ್ವಿಂಟಲ್ ಶೇಂಗಾ ಆಯಿತು ಅಂತಲೇ ಇಟ್ಟುಕೊಳ್ಳಿ. ನಮ್ಮ ಕಡೆ ಅದು ಮಳೆ ಕೈಹಿಡಿದ ವರ್ಷದ ಮಾತು. ಆಗಲೂ ಆ ಒಂದು ಅಡಿಯಲ್ಲಿ ಬೆಳೆಯುವುದು 4 ಕೆ.ಜಿ.ಗಿಂತ ಕಡಿಮೆ. ಪಂಚಮಿ ಹಬ್ಬದ ಉಂಡೆಗೆ ಆದೀತು.

ಈ 4 ಕೆ.ಜಿ. ಶೇಂಗಾಕ್ಕೆ ಹತ್ತು ವರ್ಷ ಕೋರ್ಟಿಗೆ ಅಲೆದವರನ್ನು ನಾನು ಕಂಡಿದ್ದೇನೆ. ನಗಬೇಡಿ. ಹೊಲ ಇದ್ದವರಿಗೆ ಇದು ನಗುವ ವಿಷಯ ಅಲ್ಲ. "ಇವತ್ತು ಸುಮ್ನಿದ್ರೆ ನಾಳೆ ಅಂಗಳಕ್ಕೇ ಬರ್ತಾನೆ" ಅನ್ನುವ ಅಂಜಿಕೆ ಅದು. ಆ ಅಂಜಿಕೆಯಲ್ಲಿ ಹುರುಳಿಲ್ಲ ಎಂದು ಹೇಳಲು ನಾನು ಬಂದಿಲ್ಲ. ಜಗಳ ಯಾವ ಕಾಗದ ಹಿಡಿದು ಆಡಬೇಕು ಅನ್ನುವುದನ್ನಷ್ಟೇ ಹೇಳಲು ಬಂದಿದ್ದೇನೆ.

ನಾನು ಸರ್ವೇಯರ್ ಆಗಿದ್ದವನು. ಸರಪಳಿ ಹಿಡಿದು ಜಾಲಿ ಮುಳ್ಳಿನ ನಡುವೆ ತಿರುಗಿದವನು. ನಾನು ಕಂಡ ಬದುವಿನ ಜಗಳಗಳಲ್ಲಿ ಬಹುಪಾಲು ಎರಡು ಗೊಂದಲಗಳಿಂದ ಹುಟ್ಟಿದವು. ಒಂದು, ಬದುವನ್ನೇ ಗಡಿ ಎಂದು ತಿಳಿಯುವುದು. ಇನ್ನೊಂದು, ಪಹಣಿಯನ್ನೇ ನಕ್ಷೆ ಎಂದು ತಿಳಿಯುವುದು.

ಮೊದಲು ಬದುವಿನ ಮಾತು. ಬದು ಮಣ್ಣಿನದು. ರೈತ ಹಾಕಿದ್ದು. ಮಳೆಗೆ ಕರಗುತ್ತದೆ, ಹಳ್ಳಕ್ಕೆ ಕೊಚ್ಚಿಹೋಗುತ್ತದೆ, ನೇಗಿಲಿಗೆ ಸರಿಯುತ್ತದೆ. ಎತ್ತು ಕಟ್ಟಿ ಹೂಡುತ್ತಿದ್ದ ಕಾಲದಲ್ಲಿ ವರ್ಷಕ್ಕೆ ಒಂದು ಸಾಲು ಸರಿದರೆ ಹೆಚ್ಚು. ಈಗ ಟ್ರ್ಯಾಕ್ಟರ್ ಬಂದಿದೆ. ಹೊಲದ ಕೊನೆಯಲ್ಲಿ ಅದು ತಿರುಗಲು ಜಾಗ ಬೇಕು. ತಿರುಗುವಾಗ ಬದುವಿನ ಮೂಲೆ ಮುರಿಯುತ್ತದೆ. ಓಡಿಸುವವನು ಬಾಡಿಗೆಯವನು. ಅವನಿಗೆ ಗಂಟೆ ಲೆಕ್ಕ ಮುಖ್ಯ, ನಿಮ್ಮ ಅಜ್ಜನ ಬದು ಮುಖ್ಯ ಅಲ್ಲ.

ಬಾಂದು ಕಲ್ಲು ಹಾಗಲ್ಲ. ಅದನ್ನು ನೆಟ್ಟದ್ದು ಸರ್ಕಾರದ ಸರ್ವೆ. ನಮ್ಮ ಮೈಸೂರು ಸೀಮೆಯಲ್ಲಿ ಸರ್ವೆ ಬಂದೋಬಸ್ತು ಶುರುವಾದದ್ದು 1863ರಲ್ಲಿ. ಬೌರಿಂಗ್ ಸಾಹೇಬರು ಕಮಿಷನರ್ ಆಗಿದ್ದ ಕಾಲ. ಆಗ ಚಳ್ಳಕೆರೆ ಸೀಮೆಗೆ ದೊಡ್ಡೇರಿ ತಾಲ್ಲೂಕು ಅನ್ನುವ ಹೆಸರು. ಮುಂಬಯಿ ಪ್ರಾಂತದ ಪದ್ಧತಿ ತಂದು, ಊರೂರು ಅಳೆದು, ಹೊಲಕ್ಕೊಂದು ನಂಬರು ಕೊಟ್ಟು, ಮೂಲೆಗೆ ಕಲ್ಲು ನೆಟ್ಟರು. ಇವತ್ತು ನಾವು ಸರ್ವೆ ನಂಬರ್ ಅನ್ನುತ್ತೇವಲ್ಲ, ಅದರ ಬೇರು ಅಲ್ಲಿದೆ.

ಕಲ್ಲು ನೆಟ್ಟು ಗಡಿ ಹೇಳುವುದು ನಮಗೆ ಹೊಸದೇನೂ ಅಲ್ಲ. ಶಿವಾಲಯಕ್ಕೆ ಭೂಮಿ ಬಿಟ್ಟರೆ ಲಿಂಗಮುದ್ರೆಯ ಕಲ್ಲು, ವಿಷ್ಣು ದೇವಾಲಯಕ್ಕೆ ಬಿಟ್ಟರೆ ವಾಮನಮುದ್ರೆಯ ಕಲ್ಲು, ಬಸದಿಗೆ ಬಿಟ್ಟರೆ ಮುಕ್ಕೊಡೆಯ ಕಲ್ಲು. ದಾನ ಶಾಸನಗಳಲ್ಲಿ ಮೂಡಲಿಗೆ ಏನು, ತೆಂಕಲಿಗೆ ಏನು ಎಂದು ಮರ, ಹುತ್ತ, ಗುಂಡು ಹೆಸರಿಸಿ ಬರೆಯುತ್ತಿದ್ದರು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಎರಡು ಸಾವಿರ ವರ್ಷದ ಮೇಲಿನ ಬರಹ ಆ ಬಂಡೆಯ ಮೇಲೆ ಉಳಿದಿದೆ. ನೂರೈವತ್ತು ವರ್ಷದ ಬಾಂದು ಕಲ್ಲನ್ನು ನಾವು ಉಳಿಸಿಕೊಂಡಿಲ್ಲ. ಕೆಲವನ್ನು ಕಿತ್ತು ಬಟ್ಟೆ ಒಗೆಯಲು ಹಾಕಿಕೊಂಡಿದ್ದೇವೆ.

ಹೇಳಿದ್ದನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಬದು ಸರಿಯುತ್ತದೆ, ಬಾಂದು ಸರಿಯುವುದಿಲ್ಲ. ಬದು ಹೊಲದವನದು, ಬಾಂದು ದಾಖಲೆಯದು. ಈಗ ಎರಡನೇ ಗೊಂದಲ, ಪಹಣಿ.

ಜಗಳಕ್ಕೆ ಬಂದವರು ಮೊದಲು ಜೇಬಿನಿಂದ ತೆಗೆಯುವುದು ಪಹಣಿ. "ನೋಡಿ ಸ್ವಾಮಿ, ನಂದು 4 ಎಕರೆ 10 ಗುಂಟೆ ಅಂತ ಬರ್ದೈತೆ. ಈಗ 4 ಎಕರೇನೇ ಐತೆ. ಆ 10 ಗುಂಟೆ ಅವನೇ ಹೊಡ್ದವ್ನೆ." ಪಹಣಿ ನಿಮ್ಮ ಹೊಲ ಎಷ್ಟು ಎಂದು ಹೇಳುತ್ತದೆ. ಯಾರ ಹೆಸರಿನಲ್ಲಿದೆ, ಏನು ಬೆಳೆ ಎಂದು ಹೇಳುತ್ತದೆ. ಆದರೆ ಎಲ್ಲಿ ಅಂತ ಹೇಳುವುದಿಲ್ಲ. ಹತ್ತು ಗುಂಟೆ ಕಡಿಮೆ ಇರಬಹುದು, ನಿಜ. ಮೂಡಲ ಕಡೆ ಕಡಿಮೆಯೋ, ಪಡುವಲ ಕಡೆಯೋ? ಹಳ್ಳ ತಿಂದಿತೋ, ರಸ್ತೆಗೆ ಹೋಯಿತೋ, ನಿಮ್ಮ ತಾತನೇ ಮಾರಿದ್ದನೋ? ಆ ಹಾಳೆಯಲ್ಲಿ ಉತ್ತರ ಇಲ್ಲ.

ಎಲ್ಲಿ ಅನ್ನುವುದನ್ನು ಹೇಳುವ ಕಾಗದ ಬೇರೆ. ಅದರ ಹೆಸರು ಟಿಪ್ಪಣಿ. ಹಳೆಯ ಸರ್ವೆಯವರು ಹೊಲದಲ್ಲೇ ನಿಂತು ಬರೆದುಕೊಂಡ ಕೈನಕ್ಷೆ. ನೋಡಲು ಚೆಂದ ಇರುವುದಿಲ್ಲ. ಮಕ್ಕಳು ಗೀಚಿದ ಹಾಗೆ ಇರುತ್ತದೆ, ಅಳತೆಗೆ ತಕ್ಕ ಆಕಾರವೂ ಇರುವುದಿಲ್ಲ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಒಂದು ಉದ್ದ ಗೆರೆ. ಆ ಗೆರೆಯಿಂದ ಎಡಕ್ಕೆ ಬಲಕ್ಕೆ ಅಡ್ಡ ಅಳತೆಗಳು. ಪಕ್ಕದಲ್ಲಿ ಅಂಕಿ. ಆ ಅಂಕಿಯೇ ಜೀವ. ಅದನ್ನು ಹಿಡಿದು ಇವತ್ತು ಕೂಡ ಕಲ್ಲು ಇದ್ದ ಜಾಗವನ್ನು ಹುಡುಕಬಹುದು.

ಈ ಅಂಕಿಯ ಒಂದು ಗುಟ್ಟು ಹೇಳುತ್ತೇನೆ. ಆಗಿನ ಸರಪಳಿ 33 ಅಡಿ. ಅದಕ್ಕೆ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆ ಸೇರಿದರೆ ಎಕರೆ. ಹಾಗಾದರೆ ಒಂದು ಆಣೆ ಎಷ್ಟು? ಎರಡು ಅಡಿ, ಮೇಲೆ ಕೂದಲೆಳೆಯಷ್ಟು. ಟಿಪ್ಪಣಿ ಬರೆದದ್ದು ಈ ಆಣೆ ಲೆಕ್ಕದಲ್ಲಿ. ಎರಡಡಿಯ ಮಾಪಿನಿಂದ ಬರೆದ ಕಾಗದವನ್ನು ತಂದು ಅರ್ಧ ಅಡಿಯ ಜಗಳ ತೀರಿಸಿ ಅಂದರೆ ಹೇಗೆ ತೀರಿಸುವುದು? ಕಾಗದಕ್ಕೇ ಅಷ್ಟು ನಯ ಇಲ್ಲ. ಕಲ್ಲು ಸಿಕ್ಕರೆ ಕಲ್ಲು ಹೇಳುತ್ತದೆ. ಕಲ್ಲು ಸಿಗದಿದ್ದರೆ ಅರ್ಧ ಅಡಿಯನ್ನು ನೀವಿಬ್ಬರೇ ಹೇಳಿಕೊಳ್ಳಬೇಕು.

ಈಗ ರೋವರ್ ಅನ್ನುವ ಯಂತ್ರ ಬಂದಿದೆ. ಉಪಗ್ರಹದಿಂದ ಸಂಕೇತ ಹಿಡಿಯುತ್ತದೆ. ಕೋಲಿನ ತುದಿಗೆ ಡಬ್ಬಿ ಕೂರಿಸಿದ ಹಾಗೆ ಇರುತ್ತದೆ. ತಾನು ನಿಂತ ಜಾಗವನ್ನು ಅಂಗುಲ ತಪ್ಪದೆ ಹೇಳುತ್ತದೆ. ಒಳ್ಳೆಯದೇ. ಆದರೆ ಎಲ್ಲಿ ನಿಲ್ಲಬೇಕು ಎಂದು ಆ ಯಂತ್ರಕ್ಕೂ ಹಳೇ ಟಿಪ್ಪಣಿಯೇ ಹೇಳಬೇಕು.

ಮೊಳಕಾಲ್ಮುರಿನ ಗಡಿ ಊರುಗಳವರಿಗೆ ಒಂದು ಮಾತು. ನಿಮ್ಮಲ್ಲಿ ಕೆಲವರ ಹೊಲ ರಾಯದುರ್ಗದ ಕಡೆಗೂ ಇದೆ. 1953ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಮದ್ರಾಸಿನ ಆಡಳಿತ. ಆಂಧ್ರ ರಾಜ್ಯ ಆದಾಗ ಅದು ಆ ಕಡೆ ಹೋಯಿತು. ಅಲ್ಲಿ ಅಳತೆ ಸೆಂಟಿನಲ್ಲಿ, ಎಕರೆಗೆ 100 ಸೆಂಟು. ಇಲ್ಲಿ ಗುಂಟೆ, ಎಕರೆಗೆ 40. ಒಂದು ಗುಂಟೆಗೆ ಎರಡೂವರೆ ಸೆಂಟು. 10 ಸೆಂಟನ್ನು 10 ಗುಂಟೆ ಅಂದುಕೊಂಡು ಕೈ ಕೈ ಮಿಲಾಯಿಸಿದರೆ ಎರಡೂವರೆ ಪಟ್ಟು ತಪ್ಪು ಲೆಕ್ಕಕ್ಕೆ ತಲೆ ಒಡೆದುಕೊಂಡ ಹಾಗೆ.

ಇಲ್ಲಿಗೆ ಎರಡು ಗೊಂದಲದ ಮಾತು ಆಯಿತು. ಪಹಣಿ ಎಷ್ಟು ಅಂತ ಹೇಳುತ್ತದೆ, ಟಿಪ್ಪಣಿ ಎಲ್ಲಿ ಅಂತ ಹೇಳುತ್ತದೆ. ಇನ್ನು ಹೊಲದಲ್ಲಿ ಏನು ನಡೆಯುತ್ತದೆ, ನೋಡೋಣ. ಚಳ್ಳಕೆರೆಗೂ ಮೊಳಕಾಲ್ಮುರಿಗೂ ನಡುವಿನ ಒಂದು ಊರು. ಹೆಸರು ಬೇಡ. ಹದ್ದುಬಸ್ತಿನ ಅರ್ಜಿ ಬಂದಿತ್ತು. ಹದ್ದುಬಸ್ತು ಅಂದರೆ ಅಳೆದು ಗಡಿ ಗೊತ್ತುಮಾಡಿ ಕಲ್ಲು ನೆಡುವುದು.

ಮಾರ್ಚ್ ತಿಂಗಳು. ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಅರ್ಜಿ ಕೊಟ್ಟವರು ವಯಸ್ಸಾದ ಯಜಮಾನರು. ಬಾಜೂದಾರ ಮೂವತ್ತೈದರ ಹುಡುಗ, ದೂರದ ನಂಟು, ಯಜಮಾನರನ್ನು ಮಾವ ಅನ್ನಬೇಕಾದವನು. ಮೂರು ವರ್ಷದಿಂದ ಮಾತಿಲ್ಲ. ಇಬ್ಬರ ಮನೆಯಿಂದಲೂ ಊಟಕ್ಕೆ ಕರೆದರು. ಸರ್ವೇಯರ್ ಯಾರ ಮನೆಯಲ್ಲಿ ಮುದ್ದೆ ಮುರಿದನೋ ಅವರ ಕಡೆಗೇ ಸರಪಳಿ ಎಳೆದ ಅನ್ನುತ್ತದೆ ಊರು. ನಾನು ಕಟ್ಟಿಕೊಂಡು ಹೋಗಿದ್ದ ರೊಟ್ಟಿಯನ್ನು ಬೇವಿನ ಮರದ ಕೆಳಗೆ ತಿಂದೆ.

ಟಿಪ್ಪಣಿ ಹಿಡಿದು ದೂರದ ಕಲ್ಲೊಂದರಿಂದ ಅಳೆದುಕೊಂಡು ಬಂದೆವು. ಅಂಕಿ ತಂದು ನಿಲ್ಲಿಸಿದ ಜಾಗ ಒಂದು ಬಳ್ಳಾರಿ ಜಾಲಿ ಪೊದೆ. ಬದುವಿನಿಂದ ಎರಡು ಅಡಿ ಆಚೆ, ಹುಡುಗನ ಹೊಲದ ಒಳಗೆ. ಹುಡುಗನ ಮುಖ ಬಿಗಿಯಿತು. "ನಮ್ಮಪ್ಪನ ಕಾಲ್ದಾಗ್ಲಿಂದ ಬದು ಹಿಂಗೇ ಐತೆ ಸಾರ್" ಅಂದ. ಪೊದೆ ಕಡಿಸಿದೆವು. ಹಾರೆ ಹಾಕಿ ಒಂದೂವರೆ ಅಡಿ ಅಗೆಯುವ ಹೊತ್ತಿಗೆ ಠಣ್ ಅಂದಿತು. ಮಣ್ಣು ಸರಿಸಿದರೆ ಚಾಣದಿಂದ ತಟ್ಟಿದ ಕಲ್ಲಿನ ತಲೆ. ಯಜಮಾನರು ತಂಬಿಗೆಯ ನೀರು ಹಾಕಿ ಹೆಗಲ ಮೇಲಿನ ಟವಲಿನಿಂದ ಅದನ್ನು ಒರೆಸಿದರು. ಗೆದ್ದೆ ಅನ್ನುವ ನಗು ಅವರ ಮುಖದ ಮೇಲೆ ಬಂದಿತ್ತು.

ಆ ನಗು ಇನ್ನೊಂದು ಮೂಲೆಯವರೆಗೆ ಉಳಿಯಲಿಲ್ಲ. ಅಲ್ಲಿ ಅಂಕಿ ತೋರಿಸಿದ ಜಾಗ ಬದುವಿನ ಈಚೆಗಿತ್ತು, ಯಜಮಾನರ ಹೊಲದೊಳಗೆ. ಒಂದೂ ಮುಕ್ಕಾಲು ಅಡಿ. ಕಲ್ಲು ಅಲ್ಲೂ ಸಿಕ್ಕಿತು, ತಲೆ ಮುರಿದಿತ್ತು. ಬದು ಕತ್ತರಿಯಂತೆ ಗಡಿಯನ್ನು ಅಡ್ಡ ಹಾಯ್ದಿತ್ತು. ಒಂದು ತುದಿಯಲ್ಲಿ ಇವನು ಅವರ ಹೊಲ ಉಳುತ್ತಿದ್ದ, ಇನ್ನೊಂದು ತುದಿಯಲ್ಲಿ ಅವರು ಇವನ ಹೊಲ ಉಳುತ್ತಿದ್ದರು. ಲೆಕ್ಕ ಹಾಕಿದರೆ ಯಾರಿಗೂ ಏನೂ ಹೋಗಿರಲಿಲ್ಲ. ಯಾರೂ ಮಾತಾಡಲಿಲ್ಲ. ನನ್ನ ಜೊತೆ ಸರಪಳಿ ಹಿಡಿದಿದ್ದವನು ಬಿದ್ದ ಗೂಟ ಎತ್ತಿಕೊಂಡ. ಆಮೇಲೆ ಹುಡುಗ ಬೀಡಿ ತೆಗೆದು ಜೇಬು ತಡಕಾಡಿದ. "ಮಾವ, ಬೆಂಕಿಪಟ್ಣ ಐತಾ?" ಅಂದ. ಯಜಮಾನರು ಕೊಟ್ಟರು. ಕೊಡುವಾಗ ಮುಖ ಬೇರೆ ಕಡೆಗಿತ್ತು. ಆದರೆ ಕೊಟ್ಟರು.

ಎಲ್ಲ ಅಳತೆಯೂ ಹೀಗೆ ಮುಗಿಯುವುದಿಲ್ಲ. ಒಮ್ಮೊಮ್ಮೆ ಒಬ್ಬನ ಕಡೆಗೇ ಒತ್ತುವರಿ ಎಂದು ತೋರುತ್ತದೆ. ಒಮ್ಮೊಮ್ಮೆ ಇಬ್ಬರಿಗೂ ಕಡಿಮೆ ಬರುತ್ತದೆ. ಇಬ್ಬರಿಗೂ ಕಡಿಮೆ ಬಂದರೆ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ನೋಡಬೇಕು. ದಾರಿ, ಹಳ್ಳ ಇವೆಲ್ಲ "ಬಿ" ಖರಾಬು, ಸಾರ್ವಜನಿಕರದು. ವೇದಾವತಿ, ಚಿನ್ನಹಗರಿಯ ದಂಡೆಯ ಕಡೆ ಹಳ್ಳದ ಪಾತ್ರ ಹೊರಳಿ, ಸರ್ಕಾರದ ಖರಾಬಿಗಾಗಿ ಇಬ್ಬರು ರೈತರು ಬಡಿದಾಡುವುದನ್ನು ನೋಡಿದ್ದೇನೆ. ಇಬ್ಬರದೂ ಅಲ್ಲದ ನೆಲ ಅದು.

ಇನ್ನೊಂದು ಕಷ್ಟದ ವಿಷಯ, ಪೋಡಿ. ಪೋಡಿ ಅಂದರೆ ಒಂದು ನಂಬರಿನೊಳಗಿನ ಪಾಲುಗಳನ್ನು ಅಳೆದು ದಾಖಲೆಯಲ್ಲಿ ಬೇರೆ ಮಾಡುವುದು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿರುತ್ತಾರೆ. "ಆ ಹುಣಸೆ ಮರದಿಂದ ಆಚೆ ನಿಂದು, ಈಚೆ ನಂದು." ಪಹಣಿಯಲ್ಲಿ ನಾಲ್ಕು ಹೆಸರು, ನಂಬರು ಒಂದೇ. ಹುಣಸೆ ಮರ ಬಿದ್ದಾಗ ಜಗಳ ಏಳುತ್ತದೆ. ಪೋಡಿಯಾಗದ ಹಿಸ್ಸೆಗೆ ದಾಖಲೆಯಲ್ಲಿ ಗಡಿಯೇ ಇಲ್ಲ. ಇಲ್ಲದ ಗೆರೆಯನ್ನು ಸರ್ವೇಯರ್ ಎಲ್ಲಿಂದ ತರುತ್ತಾನೆ? ಇಡೀ ನಂಬರಿನ ಹೊರಗಡಿ ತೋರಿಸಬಲ್ಲ, ಅಷ್ಟೆ. ಒಳಗೆರೆ ಬೇಕಾದರೆ ಮೊದಲು ಪೋಡಿ ಮಾಡಿಸಿ. ಹಿಸ್ಸೆ ಮಾರುವುದಾದರೆ 11-ಇ ನಕ್ಷೆ ಕಡ್ಡಾಯ. ಕೊಳ್ಳುವವರೂ ಬರೀ ಚೆಕ್ಕುಬಂದಿ ಓದಿ ದುಡ್ಡು ಎಣಿಸಬೇಡಿ. ಚೆಕ್ಕುಬಂದಿಯಲ್ಲಿ ಮೂಡಲು ಪಡುವಲು ಅದಲುಬದಲಾದ ಕ್ರಯಪತ್ರಗಳನ್ನು ಎಷ್ಟೋ ನೋಡಿದ್ದೇನೆ.

ಊರೊಳಗಿನ ಮನೆ, ಹಿತ್ತಲು, ಗೋಡೆಯ ಜಗಳ ಬೇರೆ ಜಾತಿಯದು. ಅದರ ಕಾಗದ ಪಂಚಾಯಿತಿಯಲ್ಲಿರುತ್ತದೆ. ಇವತ್ತು ಅದನ್ನು ಎತ್ತಿಕೊಳ್ಳುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಅಳತೆಯ ಮಾತು. ಅಳೆದ ಮೇಲೆಯೂ ಒಬ್ಬರು ಒಪ್ಪದಿದ್ದರೆ? ಈಗ ಅದನ್ನು ನೋಡೋಣ.

ಮೊದಲನೆಯದಾಗಿ, ಸರ್ವೇಯರ್ ಕಲ್ಲು ನೆಡಬಲ್ಲ, ಒತ್ತಿದವನನ್ನು ಎಬ್ಬಿಸಲಾರ. ಆ ಅಧಿಕಾರ ಅವನಿಗಿಲ್ಲ. ಹದ್ದುಬಸ್ತು ಆಯಿತು, ಈಗ ಪೊಲೀಸರನ್ನು ಕರೆತಂದು ಬೇಲಿ ಹಾಕುತ್ತೇನೆ ಎಂದು ಹೊರಡಬೇಡಿ. ಅಳತೆಯೇ ತಪ್ಪು ಅನ್ನಿಸಿದರೆ ಇಲಾಖೆಯಲ್ಲೇ ಮೇಲಿನವರಿಗೆ ಮೇಲ್ಮನವಿ ಹಾಕಬಹುದು. ಜಮೀನು ಬಿಡಿಸಿಕೊಳ್ಳಬೇಕಾದರೆ ಸಿವಿಲ್ ಕೋರ್ಟು. ಅದಕ್ಕೆ ವಾಯಿದೆ ಇದೆ. ಸ್ವಾಧೀನ ಕೇಳುವ ದಾವೆಗೆ 12 ವರ್ಷ. ಸುಮ್ಮನೆ ಕೂತರೆ ಒತ್ತಿದವನೇ ಹಕ್ಕು ಹೇಳುವ ದಿನ ಬಂದೀತು.

ಕೋರ್ಟಿನ ಬಗ್ಗೆ ನನ್ನದೊಂದು ತಕರಾರು ಇದೆ, ಕೋರ್ಟಿನ ಮೇಲಲ್ಲ, ಹೋಗುವವರ ಮೇಲೆ. ಅಳತೆ ಮಾಡಿಸದೆ ನೇರ ತಡೆಯಾಜ್ಞೆಗೆ ಓಡುತ್ತಾರೆ. ವರ್ಷಗಳು ಉರುಳುತ್ತವೆ. ಗಡಿ ಎಲ್ಲಿ ಎಂದು ತಿಳಿಯದೆ ತೀರ್ಪು ಕೊಡುವುದು ಕಷ್ಟ ಎಂದಾಗ ಕೋರ್ಟು ಕಮಿಷನರನ್ನು ನೇಮಿಸುತ್ತದೆ. ಆ ಕಮಿಷನರ್ ಬಹಳ ಸಲ ಯಾರು? ಅದೇ ಸರ್ವೆ ಇಲಾಖೆಯವರು. ಅವರು ತರುವುದು ಏನು? ಅದೇ ಟಿಪ್ಪಣಿ. ಮೊದಲ ತಿಂಗಳು ಆಗಬೇಕಿದ್ದ ಅಳತೆ ಐದನೇ ವರ್ಷ ಆಗುತ್ತದೆ. ನಡುವೆ ಬದುವಿನ ಬೆಲೆಗಿಂತ ಹೆಚ್ಚು ದುಡ್ಡು ಬಸ್ಸಿಗೆ, ಹೋಟೆಲಿಗೆ ಹೋಗಿರುತ್ತದೆ.

ಕೋರ್ಟಿಗೆ ಹೋಗಿಯೇಬಿಟ್ಟಿದ್ದರೂ ದಾರಿ ಇದೆ. ಲೋಕ ಅದಾಲತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬಲ ಇದೆ. ಮೇಲ್ಮನವಿ ಇಲ್ಲ. ಕಟ್ಟಿದ ಕೋರ್ಟು ಶುಲ್ಕ ವಾಪಸು ಬರುತ್ತದೆ. ದಾವೆ ಹೂಡುವ ಮೊದಲೇ ಅಲ್ಲಿಗೆ ಹೋಗಲೂಬಹುದು. ಹೆಂಗಸರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ನಮ್ಮ ಎರಡೂ ತಾಲ್ಲೂಕಿನಲ್ಲಿ ಇದಕ್ಕೆ ಅರ್ಹರಾದವರು ಎಷ್ಟು ಮನೆ ಇದ್ದಾರೆ, ಕೇಳಿದವರು ಎಷ್ಟು ಜನ? 15100 ಅನ್ನುವ ನಂಬರಿಗೆ ಫೋನು ಮಾಡಿ ಕೇಳಬಹುದು. ಬರೆದುಕೊಳ್ಳಿ, ಒಂದು ಐದು ಒಂದು ಸೊನ್ನೆ ಸೊನ್ನೆ.

ಮರದ ಕೆಳಗಿನ ಪಂಚಾಯಿತಿಗೆ ನಾನು ವಿರೋಧಿ ಅಲ್ಲ. ಹಿರಿಯರು ಕೂತು ತೀರಿಸಿದ್ದು ಎಷ್ಟೋ ಬಾಳಿದೆ. ಆದರೆ ಅಳತೆ ಇಲ್ಲದ ಪಂಚಾಯಿತಿಯಲ್ಲಿ ಗಟ್ಟಿ ದನಿಯವನೇ ಗೆಲ್ಲುತ್ತಾನೆ. ಗಂಡಸಿಲ್ಲದ ಮನೆಯ ಹೆಂಗಸಿನ ಬದುವೇ ಯಾವಾಗಲೂ ಸರಿಯುವುದು. ಮೊದಲು ಅಳೆಸಿ, ಆಮೇಲೆ ಕೂರಿಸಿ.

ಈಗ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ? ವರ್ಷಕ್ಕೆ 500 ಮಿಲಿಮೀಟರ್ ಮಳೆಯೂ ನೆಚ್ಚಿಗೆ ಇಲ್ಲದ ನೆಲ ನಮ್ಮದು. ಹಿಂದೆ ಅದರ ಅರ್ಧ ಅಡಿಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಕೊಳವೆಬಾವಿ ಬಂದಿದೆ, ದಾಳಿಂಬೆ ಬಂದಿದೆ, ಹೆದ್ದಾರಿ ಅಗಲವಾಗಿದೆ. ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10,000 ಎಕರೆ ರಕ್ಷಣೆ, ವಿಜ್ಞಾನದ ಸಂಸ್ಥೆಗಳಿಗೆ ಹೋಗಿದೆ. ಕುರಿ ದನ ಮೇಯುತ್ತಿದ್ದ ಬಯಲಿಗೆ ಗೋಡೆ ಬಂದಾಗ, ಗೆರೆ ಅಂದರೆ ಏನು ಅನ್ನುವುದು ನಮ್ಮ ಜನಕ್ಕೆ ಚೆನ್ನಾಗಿ ತಿಳಿಯಿತು.

ಇರುವ ಕಲ್ಲು ಉಳಿಸಿಕೊಳ್ಳುವುದು ಹೊಲದವರ ಹೊಣೆ ಎಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುತ್ತದೆ. ಸರ್ಕಾರ ನೆಟ್ಟ ಗಡಿಗುರುತನ್ನು ಕೇಡಿನ ಬುದ್ಧಿಯಿಂದ ಕಿತ್ತರೆ ಒಂದು ವರ್ಷದವರೆಗೆ ಜೈಲು ಎಂದು ಹಳೆಯ ದಂಡಸಂಹಿತೆಯ 434ನೇ ಕಲಮಿನಲ್ಲಿತ್ತು. ಒಗೆಯುವ ಕಲ್ಲು ಮಾಡಿಕೊಂಡವರು ಗಮನಿಸಬೇಕು.

ಕೊನೆಯದಾಗಿ, ಮಾಡಬೇಕಾದ ಕೆಲಸ. ಶೇಂಗಾ ಕಿತ್ತಾದ ಮೇಲೆ, ಮುಂಗಾರು ಬಿತ್ತನೆಗೆ ಮೊದಲು, ಹೊಲ ಬರಿದಾಗಿರುವಾಗ ಅಳೆಸಿ. ಬೆಳೆ ನಿಂತಾಗ ಸರಪಳಿ ಎಳೆದರೆ ಇನ್ನೊಂದು ಜಗಳ. ಹದ್ದುಬಸ್ತಿನ ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಿ. ಪಹಣಿ ಲಗತ್ತಿಸಿ, ಶುಲ್ಕ ಕಟ್ಟಿ, ರಸೀದಿ ಇಸಿದುಕೊಳ್ಳಿ. ಟಿಪ್ಪಣಿಯ ನಕಲು ಕೇಳಿ ಪಡೆದು ಮನೆಯಲ್ಲಿಡಿ. ನೆಡಲು ಕಲ್ಲು, ಅಗೆಯಲು ಆಳು ಸಿದ್ಧ ಇರಲಿ. ಬಾಜೂದಾರರಿಗೆ ನೋಟಿಸು ಹೋಗುತ್ತದೆ. ನೋಟಿಸು ಬಂತೆಂದು ಸಿಟ್ಟಾಗಿ ಊರು ಬಿಟ್ಟು ಹೋಗಬೇಡಿ, ನಿಮ್ಮ ಗಡಿಯೂ ಅದೇ. ಹೊಲದಲ್ಲಿ ನಿಂತು ನೋಡಿ. ಒಪ್ಪಿದರೆ ಸಹಿ ಹಾಕಿ, ಒಪ್ಪದಿದ್ದರೆ ಯಾಕೆ ಎಂದು ಬರೆಸಿ.

ಸಾಧ್ಯವಾದರೆ ಇನ್ನೂ ಒಂದು ಮಾಡಿ. ನಾಡಕಚೇರಿಗೆ ಹೊರಡುವ ಮುನ್ನ ಪಕ್ಕದ ಹೊಲದವರ ಮನೆ ಬಾಗಿಲಿಗೆ ಹೋಗಿ, "ಅಣ್ಣ, ಅಳೆಸಾನ ಅಂತಿದೀನಿ, ನೀನೂ ಬಾ" ಅನ್ನಿ. ಶುಲ್ಕ ಅರ್ಧ ಅರ್ಧ ಹಾಕಿಕೊಳ್ಳಿ. ಕಲ್ಲನ್ನು ಒಂದೇ ಗಾಡಿಯಲ್ಲಿ ತನ್ನಿ.